ಇನ್ಸುಲಿನ್ ಪ್ರಶ್ನೆ

ಬ್ರಾಂಪ್ಟನ್, ಭಾನುವಾರ

ಮಗಳೇ ಸಿಮರ್‌ಜೋತ್,

ಗುರುದ್ವಾರದ ನೆಲಮಾಳಿಗೆಯಲ್ಲಿ ನಮಗೆ ಪೌರತ್ವ ಪರೀಕ್ಷೆಯ ಪಾಠ ಹೇಳುವ ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಕಾಲೇಜಿನ ಇಂಗ್ಲಿಷ್ ಅರ್ಧ ಮರೆತಿದ್ದರೂ ಕೆನಡಾದ ಮಹನೀಯರನ್ನೆಲ್ಲ ಬಾಯಿಪಾಠ ಮಾಡಿದ್ದೇನೆ. ಇವತ್ತು ನೀನು, "ಇನ್ಸುಲಿನ್ ಕಂಡುಹಿಡಿದೋರು ಯಾರು ಅಂಕಲ್‌ಜಿ?" ಎಂದೆ. ನಾನು "ಬ್ಯಾಂಟಿಂಗ್, ಬೆಸ್ಟ್" ಎಂದೆ. ಸರಿಯುತ್ತರಕ್ಕೆ ಎಂದಿನಂತೆ ಇಡೀ ತರಗತಿ ಜೈಕಾರ ಹಾಕಿತು. ಲಾರಿ ಓಡಿಸುವ ನಛತ್ತರ್, "ಭಲೇ ಬಖ್ತಾವರ್! ಬಿಳೀ ಸಾಹೇಬನೇ ಆಗ್ಬಿಟ್ಟೆ ಬಿಡಯ್ಯಾ!" ಎಂದು ಬಾಯಿಗೆ ಜಿಲೇಬಿ ತುರುಕಿದ. ಹೊರಗೆ ಹೋಗಿ ಉಗುಳಿದೆ.

ನನ್ನ ಹೆಂಡತಿ, ನಿನ್ನ ಚಾಚಿ ತರಸೇಮ್, ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ, ಚಿಕಿತ್ಸೆಯ ಖರ್ಚು ವಹಿಸುವ ಸರ್ಕಾರದ ಆರೋಗ್ಯ ಕಾರ್ಡು ಬರುವವರೆಗೆ ಇದ್ದದ್ದೇ ಸಾಲಲಿ ಎಂದು, ನನಗೆ ಹೇಳದೆ ಆ ಇನ್ಸುಲಿನ್ನನ್ನೇ ಅರ್ಧರ್ಧ ಚುಚ್ಚಿಕೊಳ್ಳುತ್ತಿದ್ದಳು. ಕೇಳಿದರೆ, "ನಂಗೇನಾಗಿದೆ, ಗಟ್ಟಿಯಾಗಿದೀನಿ" ಅನ್ನುವಳು. ಕಾರ್ಡು ಬಂದಾಗ ಅವಳೇ ಇರಲಿಲ್ಲ. ಇನ್ಸುಲಿನ್ ಕಂಡುಹಿಡಿದ ಊರು ಟೊರೊಂಟೊ, ಇಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಜೈಕಾರ ಕೇಳಿ ಹೇಸಿಗೆಯಾಯಿತು, ಉತ್ತರ ಹೇಳಿದ ನನ್ನ ನಾಲಿಗೆಯ ಮೇಲೂ.

ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದರೆ ಖಾಲಿ ಬಿಡುತ್ತೇನೆ. ಪಾಸಾಗಲು ಇಪ್ಪತ್ತಕ್ಕೆ ಹದಿನೈದು ಬೇಕು, ಹೋದ ಸಲ ನನಗೆ ಬಂದದ್ದು ಹದಿನಾಲ್ಕೇ. ಆದ್ದರಿಂದ ದಯವಿಟ್ಟು ಉಳಿದ ಹತ್ತೊಂಬತ್ತನ್ನು ಚೆನ್ನಾಗಿ ಕಲಿಸಿಕೊಡು.

ಹಿಂದಿನ ಸಾಲಿನಲ್ಲಿ ಕೂರುವ,
ಬಖ್ತಾವರ್ ಸಿಂಗ್