ಇಲಿ ಹಿಡಿದ ಕೈ

ಮನೆಯಿಂದ,
ಫೆಬ್ರವರಿ ೧೧, ಭಾನುವಾರ

ಪ್ರೀತಿಯ ಅಮ್ಮಣ್ಣೀ,

ಆರು ವರ್ಷದ ಹಿಂದೆ, ಮಾರ್ಚ್ ತಿಂಗಳ ಮೊದಲ ಸೋಮವಾರ, ನಿಮ್ಮ ಪ್ರಯೋಗಾಲಯದ ವಾರ್ಷಿಕ ಸಭೆಯಲ್ಲಿ ಮುಖ್ಯಸ್ಥರು ಮೈಕು ಹಿಡಿದು, 'ದೋಷ ಔಷಧಿಯಲ್ಲಿಲ್ಲ, ಈಕೆಯ ಕೈಯಲ್ಲಿದೆ' ಎಂದರು. ಮನೆಯವರನ್ನೂ ಕರೆದಿದ್ದ ಸಭೆ ಅದು. ನಾನು ನಾಲ್ಕನೇ ಸಾಲಿನಲ್ಲಿದ್ದೆ. ಅದನ್ನು ಮರೆತಿಲ್ಲ, ಮರೆಯುವ ಯೋಚನೆಯೂ ಇಲ್ಲ. ಇರಲಿ, ಮೊದಲು ನಿನ್ನ ಆರೋಗ್ಯ ಹೇಳು. ಕೆಮ್ಮು ಬಿಟ್ಟಿತೇ? ಆ ಪಶು ಆಹಾರದ ಕಾರ್ಖಾನೆಯ ಧೂಳಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯೋ, ಇಲ್ಲ ಫೋನಿನಲ್ಲಿ ಹೇಳುವ ಹಾಗೆ 'ಆಯ್ತಪ್ಪಾ ಆಯ್ತು' ಅಷ್ಟೆಯೋ? ನಿನ್ನಮ್ಮ ಚೆನ್ನಾಗಿದ್ದಾಳೆ. ಅಂದರೆ, ನನ್ನನ್ನು ಬೈಯುವಷ್ಟು ಚೆನ್ನಾಗಿದ್ದಾಳೆ.

ನಿನ್ನ ಕೋಣೆ ಹೇಗಿತ್ತೋ ಹಾಗೇ ಇದೆ. ಬಾಗಿಲ ಹಿಂದಿನ ಮೊಳೆಯಲ್ಲಿ ನಿನ್ನ ಬಿಳಿ ಕೋಟು ನೇತಾಡುತ್ತಿದೆ. ನೀನು ಕೆಲಸದಿಂದ ಬಂದ ಕೂಡಲೇ 'ಇಲಿಗೂಡಿನ ವಾಸನೆ, ಹೋಗೇ, ಮೊದಲು ಸ್ನಾನ ಮಾಡು' ಎಂದು ಗದರುತ್ತಿದ್ದವಳು ಇವಳೇ ತಾನೇ? ಈಗ ಆ ಕೋಟನ್ನು ಒಗೆಯಲು ಕೊಡು ಎಂದರೆ, 'ಅದರ ತಂಟೆಗೆ ಬಂದ್ರೆ ನೋಡಿ' ಎನ್ನುತ್ತಾಳೆ. ಇಲಿಗೂಡಿಗೆ ಹಾಸುವ ಹೊಟ್ಟಿನ ವಾಸನೆ ಇನ್ನೂ ಇದೆಯಂತೆ. ನನ್ನ ಮೂಗಿಗೆ ಏನೂ ಸಿಗಲಿಲ್ಲ. ಆದರೂ ಸಂಜೆ ನೀನು ಬರುತ್ತಿದ್ದ ಹೊತ್ತಿಗೆ ಒಮ್ಮೊಮ್ಮೆ ಅಲ್ಲಿ ಹೋಗಿ ನಿಲ್ಲುತ್ತೇನೆ.

ನೀನು ಆ ಪ್ರಯೋಗಾಲಯದ ಕೆಲಸಕ್ಕೆ ಸೇರಿದ್ದು ಯಾಕೆಂದು ಮುಖ್ಯಸ್ಥರಿಗೇನು ಗೊತ್ತು? ನಿನ್ನಮ್ಮ ಖಿನ್ನತೆಯಿಂದ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದ ಆ ವರ್ಷ, ಮಾತ್ರೆ ಹಿಡಿಯಲು ವಾರಗಟ್ಟಲೆ ಬೇಕು ಎಂದ ಡಾಕ್ಟರಿಗೆ ನೀನು, ಇನ್ನೂ ಹೈಸ್ಕೂಲಿನ ಹುಡುಗಿ, 'ಅಲ್ಲೀವರೆಗೆ ನಮ್ಮಮ್ಮ ಏನು ಮಾಡ್ಬೇಕು ಸಾರ್?' ಎಂದು ಕೇಳಿದೆ. ಅವರು ಚೀಟಿ ಬರೆದು ಕೊಟ್ಟು ಮುಂದಿನವರನ್ನು ಕರೆದರು. ಮುಂದೆ ಗಂಟೆಗಳಲ್ಲೇ ಕೆಲಸ ಮಾಡುವ ಔಷಧಿ ಬಂದಾಗ ನೀನು ಕುಣಿದದ್ದು ನೆನಪಿದೆ. ನನ್ನ ಹಳೆಯ ಕರಡು ಹಾಳೆಯ ಹಿಂಬದಿಯಲ್ಲಿ ನೀನು ಅಮ್ಮನಿಗೆ ಚಿತ್ರ ಬರೆದು ತೋರಿಸಿದ್ದೆ: ಮಿದುಳಿನ ನರಗಳ ಕೊಂಬೆಗಳು, ಅವುಗಳ ಮೇಲೆ ಸಣ್ಣ ಸಣ್ಣ ಮೊಗ್ಗು. ಬಹುದಿನ ಕಷ್ಟದಲ್ಲಿಟ್ಟ ಇಲಿಯಲ್ಲಿ ಅವು ಉದುರುತ್ತವೆ, ಔಷಧಿ ಕೊಟ್ಟ ದಿನದೊಳಗೆ ಕೆಲವು ಮತ್ತೆ ಚಿಗುರುತ್ತವೆ. 'ನನಗಿಂತ ನಿನ್ನ ಇಲಿಯೇ ಪುಣ್ಯವಂತ ಬಿಡು' ಎಂದು ಅವಳು ನಕ್ಕಳು. ಎಷ್ಟು ಕಾಲಕ್ಕೆ ನಕ್ಕಿದ್ದಳು!

ಆಮೇಲೆ ಆದದ್ದು ಇದು. ಜೊತೆಯ ಗಂಡಸರು ಸೂಜಿ ಚುಚ್ಚಿದ ಇಲಿಗಳು ಚೇತರಿಸಿಕೊಂಡವು. ನೀರಿಗೆ ಬಿಟ್ಟರೆ ಸೋತು ತೇಲದೆ ಕೈಕಾಲು ಬಡಿದವು. ಅದೇ ಔಷಧಿ, ಅದೇ ಅಳತೆ, ನೀನು ಚುಚ್ಚಿದ ಇಲಿಗಳು ಮಾತ್ರ ತೇಲುತ್ತಲೇ ಇದ್ದವು. ನೀನು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಒಂದು ವಾರ ಕೊಡಿ, ನನ್ನ ಇಲಿಗಳನ್ನು ಅವರು ಹಿಡಿಯಲಿ, ಅವರವನ್ನು ನಾನು ಹಿಡಿಯುತ್ತೇನೆ ಎಂದೆ. 'ಇಲಿಗೂ ಗಂಡು ಹೆಣ್ಣು ಗೊತ್ತಾಗುತ್ತೇನಮ್ಮಾ?' ಎಂದರು ಮುಖ್ಯಸ್ಥರು. ಸಭೆ ಹೊಟ್ಟೆ ಹಿಡಿದು ನಕ್ಕಿತು. ತಿಂಗಳೊಳಗೆ ನೀನು ಹೊರಗಿದ್ದೆ, ಆಮೇಲೆ ಈ ಊರಿನಿಂದಲೇ ಹೊರಗೆ.

ಗೊತ್ತಾಗುತ್ತದೆ ಅಮ್ಮಣ್ಣೀ! ಗ್ರಂಥಾಲಯದಲ್ಲಿ ಒಂದು ವಿಜ್ಞಾನ ಪತ್ರಿಕೆ ಓದಿದೆ. ಎಲ್ಲೋ ದೂರದವರು ನೀನು ಬೇಡಿದ ಪರೀಕ್ಷೆಯನ್ನೇ ಮಾಡಿದ್ದಾರೆ. ಗಂಡಸಿನ ಮೈವಾಸನೆಗೆ ಇಲಿ ಒಳಗೊಳಗೇ ಬೆದರುತ್ತದಂತೆ. ಬೆದರಿದಾಗ ಮಿದುಳಿನಲ್ಲಿ ಒಂದು ರಾಸಾಯನಿಕ ಹೊರಡುತ್ತದೆ, ಔಷಧಿ ಅದರ ಬೆನ್ನೇರಿ ಕೆಲಸ ಮಾಡುತ್ತದೆ. ಹೆಂಗಸರು ಹಿಡಿದ ಇಲಿಗೆ ಆ ರಾಸಾಯನಿಕವನ್ನೂ ಕೊಟ್ಟರೆ ಅದೂ ಚೇತರಿಸಿಕೊಂಡಿತು. ಮನುಷ್ಯರಿಗೂ ಹೀಗೇ ಎಂದು ಹಾರಬೇಡಿ ಎಂದೂ ಬರೆದಿದ್ದಾರೆ. ನೀನೂ ಹಾಗೇ ಹೇಳುತ್ತಿದ್ದೆ. ನಾನು ಎರಡು ಸಲ ಓದಿ, ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ನಿನ್ನ ಕೈಯಲ್ಲಿ ಇಲಿ ಹೆದರಲಿಲ್ಲ. ನಿನ್ನ ಅಪರಾಧ ಅಷ್ಟೇ.

ದಿನಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದ ಕಾಲದಲ್ಲಿ ನಾನು ಸಂಪಾದಕರೊಡನೆ ಜಗಳವಾಡಿದ್ದು ಒಂದೇ ವಿಷಯಕ್ಕೆ. ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಮಾನ ಕಳೆದು, ಒಳಪುಟದ ಮೂಲೆಯಲ್ಲಿ ಇರುವೆಯಂಥ ಅಕ್ಷರದಲ್ಲಿ ವಿಷಾದ ಅನ್ನುತ್ತಿದ್ದರು. ತಪ್ಪು ಬಿದ್ದ ಪುಟದಲ್ಲೇ, ಬಿದ್ದಷ್ಟೇ ದೊಡ್ಡ ಅಕ್ಷರದಲ್ಲಿ ತಿದ್ದುಪಡಿ ಬರಬೇಕು. ಇಷ್ಟನ್ನೂ ನಿಮ್ಮ ಹಳೆಯ ಸಂಸ್ಥೆಗೆ ಬರೆದು ಕಳಿಸಿದ್ದೇನೆ. ಯಾಕಪ್ಪಾ ಎಂದು ಸಿಡುಕಬೇಡ. ಆರು ವರ್ಷದಿಂದ ನೀನು ಇಲಿ ಎಂಬ ಮಾತನ್ನೇ ಆಡಿಲ್ಲ. ಊಟದ ಹೊತ್ತಿಗೆ ನಮ್ಮ ತಲೆ ತಿನ್ನುತ್ತಿದ್ದ ಆ ಮಾತುಗಳಿಲ್ಲದೆ ಈ ಮನೆ ಬಿಕೋ ಎನ್ನುತ್ತಿದೆ.

ಹೊತ್ತಿಗೆ ಸರಿಯಾಗಿ ಉಣ್ಣು. ನೂರ್ಕಾಲ ತಲೆಯೆತ್ತಿ ಬಾಳು.

ನಿನ್ನ
ಅಪ್ಪ

ಅವಸರದಲ್ಲಿ, ಬುಧವಾರ: ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು. ನಿನ್ನೆ ಸಂಸ್ಥೆಯಿಂದ ಫೋನು ಬಂದಿತ್ತು. 'ಹಳೇದನ್ನ ಯಾಕೆ ಕೆದಕ್ತೀರಿ ಯಜಮಾನ್ರೇ, ಒಂದು ವಿಷಾದದ ಕಾಗದ ಮನೆಗೇ ಕಳಿಸ್ತೀವಿ' ಎಂದರು. ಬೇಡ ಎಂದೆ. ಮಾರ್ಚ್ ಮೊದಲ ಸೋಮವಾರ ಮತ್ತೆ ಅದೇ ಸಭೆ ಇದೆ. ನೀನು ಬಾ. ಬರಲೇಬೇಕು. ಇಂದು ಬೆಳಿಗ್ಗೆ ನಿನ್ನಮ್ಮ ಯಾರೂ ಹೇಳದೆ ಆ ಕೋಟನ್ನು ಒಗೆದು ಬಿಸಿಲಿಗೆ ಹಾಕಿದ್ದಾಳೆ. 'ಹಾಕ್ಕೊಳ್ಳೋಳೇ ಬರ್ತಾಳಲ್ಲ' ಅನ್ನುತ್ತಾಳೆ. ನಾನು ನಾಲ್ಕನೇ ಸಾಲಿನಲ್ಲಿ ಎದ್ದು ನಿಂತು ಕೇಳುವುದು ಇಷ್ಟೇ: ದೋಷ ಯಾರ ಕೈಯಲ್ಲಿತ್ತು? ಉತ್ತರ ಕಾಗದದಲ್ಲಿ ಬೇಡ. ಅದೇ ಮೈಕಿನಲ್ಲಿ, ಅಂದು ನಕ್ಕವರೆಲ್ಲರ ಎದುರಿಗೆ ಹೇಳಲಿ.