ಹಂಡೆಯ ತಳದ ನೀರು

ಇಸವಿ ೨೩೧೪, ಬೆಂಕಿತಿಂಗಳ ಮೂವತ್ನಾಲ್ಕನೆಯ ದಿನ
ಕಲ್ಲುಮಡುವಿನ ಬಿಡಾರ

ನನಗಿಂತ ಮುನ್ನೂರು ವರ್ಷ ಹಿಂದೆ ಬದುಕಿರುವವರಿಗೆ,

ಬೆಂಕಿತಿಂಗಳು ನಿಮ್ಮ ಪಂಚಾಂಗದಲ್ಲಿಲ್ಲ. ನಮ್ಮಲ್ಲಿ ವೈಶಾಖ ಮುಗಿದ ಮೇಲೂ ಜ್ಯೇಷ್ಠ ಬಾರದೆ ನಲವತ್ತು ದಿನ ಸುಡುತ್ತ ನಿಲ್ಲುತ್ತವೆ. ಅವಕ್ಕೂ ಒಂದು ಹೆಸರು ಬೇಕಾಯಿತು. ನನ್ನ ಭಾಷೆಯೂ ನಿಮಗೆ ಸರಿಹೊಂದಲಿಕ್ಕಿಲ್ಲ. ನಾನು ಅಕ್ಷರ ಕಲಿತದ್ದು ನೀವು ಬಿಸಾಡಿದ ಕರಪತ್ರಗಳಿಂದ. ಮೂಲವ್ಯಾಧಿಯ ಔಷಧಿ, ಬೋರ್‌ವೆಲ್ ಕೊರೆಯುವವರ ಫೋನ್ ನಂಬರು, ಧರಣಿಗೆ ಬನ್ನಿ ಎಂಬ ಕರೆ, ಇವೇ ನನ್ನ ಪಠ್ಯಪುಸ್ತಕಗಳು. ಆದ್ದರಿಂದ ನನ್ನ ಮಾತು ಕೆಲವೊಮ್ಮೆ ಭಾಷಣದಂತೆ, ಕೆಲವೊಮ್ಮೆ ಜಾಹೀರಾತಿನಂತೆ ಕೇಳಿಸಿದರೆ ಕ್ಷಮಿಸಿ. ಈ ಪತ್ರದಲ್ಲಿ ನಾನು ಕ್ಷಮೆ ಕೇಳುವುದು ಅದೊಂದಕ್ಕೆ ಮಾತ್ರ.

ನನ್ನ ಹೆಸರು ಕಸ್ತೂರಿ, ವಯಸ್ಸು ಇಪ್ಪತ್ತೆರಡು. ತುಂಗಭದ್ರೆ ಹರಿಯುತ್ತಿತ್ತೆಂದು ಹೇಳುವ ಮರಳಿನ ಉತ್ತರಕ್ಕೆ, ಬರೀ ಬಂಡೆಗಳ ಗುಡ್ಡಗಳ ನಡುವೆ ನಮ್ಮ ಬಿಡಾರ. ಒಂದು ಕಾಲಕ್ಕೆ ನಾವು ನಲವತ್ತೊಂದು ಜನರಿದ್ದೆವು. ಹಗಲು ಬಂಡೆಗಳ ಸಂದಿಯಲ್ಲಿ ಮಲಗುತ್ತೇವೆ, ಮುಂಜಾವಿನಲ್ಲಿ ಕಳ್ಳಿಸೌದೆ ಆಯುತ್ತೇವೆ, ನವಣೆಯನ್ನು ಬೇಯಿಸದೆ ನೆನೆಸಿ ತಿನ್ನುತ್ತೇವೆ. ಪಾತ್ರೆ ತೊಳೆಯುವುದು ಬೂದಿಯಲ್ಲಿ, ಮೈ ತೊಳೆಯುವುದು ಬಿಸಿ ಮರಳಿನಲ್ಲಿ. ಮಗು ಅತ್ತರೆ ಓಡಿಹೋಗಿ ಸುಮ್ಮನಾಗಿಸುತ್ತೇವೆ. ಅದು ಪ್ರೀತಿಯೆಂದು ತಿಳಿಯಬೇಡಿ. ಕಣ್ಣೀರೂ ನೀರೇ.

ನಾವು ಕುಡಿಯುವುದು ಕಲ್ಲುಮಡುವಿನಿಂದ. ನೀವು ಗುಡ್ಡ ಸೀಳಿ ಗ್ರಾನೈಟ್ ಒಯ್ದ ಮೇಲೆ ಉಳಿದ ಗುಂಡಿಗೆ ಮಳೆನೀರು ತುಂಬಿ ಆದ ಮಡು ಅದು. ನೀರು ಎಷ್ಟು ತಿಳಿ ಎಂದರೆ ತಳದಲ್ಲಿ ಅಡ್ಡಬಿದ್ದ ಡ್ರಮ್ಮುಗಳನ್ನು ಎಣಿಸಬಹುದು. ಐವತ್ತರವರೆಗೆ ಎಣಿಸಿ ನಾನು ಬಿಟ್ಟಿದ್ದೇನೆ. ಕಾರ್ಖಾನೆಯ ಕೊಳಕು ತುಂಬಿ ಲಾರಿಯಲ್ಲಿ ತಂದು ಇಳಿಸಿದವರು ನಿಮ್ಮವರು. ನೀವು ಆ ರಸ್ತೆಯಲ್ಲೇ ಓಡಾಡಿದಿರಿ.

ನಮ್ಮಲ್ಲಿ ಮೊದಲಗುಟುಕಿ ಎಂಬ ಪದವಿಯಿತ್ತು. ಮಡುವಿಗೆ ಹೊಸ ನೀರು ಬಂದಾಗ, ಬಣ್ಣ ತಿರುಗಿದಾಗ, ಹಕ್ಕಿ ಸತ್ತು ತೇಲಿದಾಗ, ಒಬ್ಬಳು ಮೊದಲು ಒಂದು ಬಟ್ಟಲು ಕುಡಿಯಬೇಕು. ಕುಡಿದು ಬಿಡಾರಕ್ಕೆ ಬೆನ್ನು ಮಾಡಿ ಕೂರಬೇಕು. ಉಳಿದವರು ಬಾಯಾರಿಕೊಂಡು ಒಂದು ದಿನ ಕಾಯುತ್ತಾರೆ. ಮರುದಿನ ಅವಳು ಎದ್ದು ನಡೆದರೆ ಎಲ್ಲರೂ ಕುಡಿಯುತ್ತಾರೆ, ಏಳದಿದ್ದರೆ ಬೇರೆ ಮಡು ಹುಡುಕುತ್ತಾರೆ. ಮಕ್ಕಳಿಲ್ಲದ ಹೆಂಗಸನ್ನೇ ಆರಿಸುವುದು ರೂಢಿ. ಸಾವನ್ನು ಮುಟ್ಟಿದ ಬಾಯಿ ಎಂದು ಅವಳಿಗೆ ಸಾಮೂಹಿಕ ಹಂಡೆಯ ನೀರು ಕೊಡುವುದಿಲ್ಲ. ಅವಳ ಬಟ್ಟಲು ಬೇರೆ, ಕೂರುವ ಬಂಡೆ ಬೇರೆ.

ಹನ್ನೊಂದು ವರ್ಷ ಆ ಬಂಡೆಯ ಮೇಲೆ ಕೂತವಳು ಹಂಪವ್ವ, ನನ್ನ ತಾಯಿಯ ತಂಗಿ. ತಾಯಿ ಸತ್ತ ಮೇಲೆ ನನ್ನನ್ನು ಸಾಕಿದ ಚಿಗವ್ವ. ಅವಳು ಕುಡಿದು ಕೂತ ದಿನಗಳಲ್ಲಿ ನಾನು ದೂರದಿಂದ ಅವಳ ಬೆನ್ನು ನೋಡುತ್ತಿದ್ದೆ, ಉಸಿರಿಗೆ ಏರಿಳಿಯುತ್ತದೆಯೋ ಇಲ್ಲವೋ ಎಂದು. ಇತರ ಮಕ್ಕಳೂ ನೋಡುತ್ತಿದ್ದರು, ಅವರಿಗೆ ನೀರಡಿಕೆಯಾಗಿತ್ತು. ಅವಳನ್ನು ಆ ಬಂಡೆಯಿಂದ ಇಳಿಸಬೇಕು ಎಂಬುದೊಂದೇ ನನ್ನ ಬದುಕಿನ ಕೆಲಸವಾಯಿತು.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ನನಗೆ ನಿಮ್ಮ ಒಂದು ಕರಪತ್ರ ಸಿಕ್ಕಿತು. ಕೆರೆ, ಹಳ್ಳ, ಬಾವಿಯ ನೀರನ್ನು ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿಸಿ, ಆರಿಸಿ ಕುಡಿದರೆ ಯಾವ ರೋಗವೂ ಬಾರದು ಎಂದು ಅದರಲ್ಲಿತ್ತು. ಸೌದೆ ಇಲ್ಲದಿದ್ದರೆ ತಿಳಿನೀರನ್ನು ಗಾಜಿನ ಬಾಟಲಿಯಲ್ಲಿ ತುಂಬಿ ಆರು ತಾಸು ಉರಿಬಿಸಿಲಿಗೆ ಇಡಿ ಎಂದೂ ಇತ್ತು. ಅದರ ಕೆಳಗೆ ಅರ್ಧ ಹಾಳೆಯ ತುಂಬ ಕಪ್ಪು ಕನ್ನಡಕದ ಒಬ್ಬ ಧುರೀಣನ ಮುಖ, ಸುತ್ತ ಅವನಿಗೆ ಹುಟ್ಟುಹಬ್ಬದ ಶುಭಾಶಯ ಕೋರುವ ಹದಿನೆಂಟು ಸಣ್ಣ ಮುಖಗಳು. ನಾನು ಆ ಹಾಳೆಯನ್ನು ಬಾಯಿಪಾಠ ಮಾಡಿದೆ. ಮುಖಗಳನ್ನೂ ಬಿಡಲಿಲ್ಲ.

ಬಿಡಾರದ ಹಿರಿಯ ಗಾದಿಲಿಂಗ ನಕ್ಕ. ಕಳ್ಳಿಸೌದೆ ಅನ್ನ ಬೇಯಿಸಲಿಕ್ಕೇ ಸಾಲದು, ನೀರು ಬೇಯಿಸಿ ಉಣ್ಣಬೇಕೇ ಎಂದು ಕೇಳಿ ಎಲ್ಲರನ್ನೂ ನಗಿಸಿದ. ನಾನು ಬಿಡಲಿಲ್ಲ. ಒಂದು ಇಡೀ ಮಳೆಗಾಲ ಬಂಡೆಯ ಸಂದಿಸಂದಿಗೆ ಹೋಗಿ ವಾದಿಸಿದೆ, ಕೂಗಾಡಿದೆ, ಮೂರು ದಿನ ಉಪವಾಸ ಕೂತೆ. ವಾಂತಿಭೇದಿಯಲ್ಲಿ ಎರಡು ಕೂಸು ಹೋದ ಮೇಲೆ ಗಾದಿಲಿಂಗನೇ ಹಂಡೆಯ ಕೆಳಗೆ ಬೆಂಕಿ ಹಚ್ಚಿದ. ಆ ವರ್ಷ ಮತ್ತೆ ಒಂದು ಕೂಸೂ ಹೋಗಲಿಲ್ಲ. ಮೊದಲಗುಟುಕಿಯ ಪದವಿ ರದ್ದಾಯಿತು. ನನ್ನ ಹಾಳೆ ಗೆದ್ದಿತು. ಹಂಪವ್ವನನ್ನು ಮಾತ್ರ ಹಂಡೆಯ ಹತ್ತಿರ ಸೇರಿಸಲಿಲ್ಲ. ಅದಕ್ಕೂ ಹೋರಾಡಬೇಕಿತ್ತು, ಗೆಲುವಿನ ಸೊಕ್ಕಿನಲ್ಲಿ ಮುಂದಕ್ಕೆ ಹಾಕಿದೆ. ಅವಳಿಗೊಂದು ಗಾಜಿನ ಬಾಟಲಿ ಹುಡುಕಿ ಕೊಟ್ಟೆ. ದಿನಾ ತುಂಬಿ ಬಿಸಿಲಿಗಿಡುವಳು, ಸಂಜೆಗೆ ಕುಡಿದು ಖಾಲಿ ಮಾಡುವಳು.

ಈಗ ತಾಯಿನೀರಿನ ವಿಷಯ ಹೇಳಬೇಕು. ನಮ್ಮ ಮಣ್ಣಿನ ಹಂಡೆ ಎಂದೂ ಬರಿದಾಗಬಾರದು. ಖಾಲಿ ಹಂಡೆ ಕಂಡರೆ ವಂಶ ಒಣಗುತ್ತದೆಂದು ನಂಬಿಕೆ. ತಳದಲ್ಲಿ ಒಂದು ಗೇಣು ಹಳೆಯ ನೀರು ಬಿಟ್ಟು ಅದರ ಮೇಲೆ ಹೊಸದನ್ನು ಸುರಿಯುತ್ತೇವೆ. ಆ ಗೇಣಿಗೆ ತಾಯಿನೀರು ಎನ್ನುತ್ತಾರೆ. ವಲಸೆ ಹೋಗುವಾಗಲೂ ಅದನ್ನು ತೊಗಲಿನ ಚೀಲದಲ್ಲಿ ಕೂಸಿನಂತೆ ಹೊತ್ತೊಯ್ಯುತ್ತಿದ್ದರು. ಹಂಡೆಯನ್ನು ಉಜ್ಜುವುದಿಲ್ಲ. ಅದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ, ನನಗೂ ಕಾಣಲಿಲ್ಲ. ಕೆಂಡದ ಮೇಲೆ ಹಂಡೆ ದಿನವಿಡೀ ಕುದಿಯಿತು. ನೀರು ಆವಿಯಾಗಿ ಹೋಯಿತು, ನಿಮ್ಮ ಡ್ರಮ್ಮುಗಳಿಂದ ಸೋರಿದ್ದು ಹೋಗಲಿಲ್ಲ. ಅದು ಗಸಿಯಾಗಿ ತಳ ಸೇರಿ, ಪ್ರತಿ ಕುದಿಗೂ ಮೇಲೆದ್ದು, ಪ್ರತಿ ಬಟ್ಟಲಿಗೂ ಬಂತು.

ಎರಡನೆಯ ವರ್ಷ ಅಂಗೈಗಳಲ್ಲಿ ಕಪ್ಪು ಚುಕ್ಕಿ ಎದ್ದವು. ಅಂಗಾಲು ತೊಗಲಿನಂತೆ ಗಟ್ಟಿಯಾಯಿತು. ನಡೆಯುವವರಿಗೆ ಕಾಲ ಕೆಳಗೆ ನೆಲವಿರುವುದೇ ತಿಳಿಯದಾಯಿತು. ಮೊದಲು ಹೋದವಳು ಗಾದಿಲಿಂಗನ ಮಗಳು, ಆರು ವರ್ಷದವಳು. ಎಲ್ಲರೂ ನನ್ನ ಬಳಿ ಬಂದರು, ಯಾಕೆಂದರೆ ಹಾಳೆ ನನ್ನ ಬಳಿಯಿತ್ತು. ಹಾಳೆಯನ್ನು ಮತ್ತೆ ಓದಿ ನಾನು ತೀರ್ಪು ಕೊಟ್ಟೆ: ಕುದಿ ಸಾಲದು, ಇನ್ನೂ ಹೊತ್ತು ಕುದಿಸಿ. ಕುದಿಸಿದರು. ಆಮೇಲೆ ಹನ್ನೆರಡು ಜನ ಹೋದರು. ಈ ಸಾಲನ್ನು ನಾನು ಮೃದು ಮಾಡಿ ಬರೆಯುವುದಿಲ್ಲ.

ಹಂಪವ್ವ ಮಾತ್ರ ಗಟ್ಟಿಯಾಗಿದ್ದಳು. ಅವಳ ಅಂಗೈಯಲ್ಲಿ ಎರಡೇ ಚುಕ್ಕಿ. ಬಿಡಾರ ಅದನ್ನು ಗಮನಿಸಿತು. ಹನ್ನೊಂದು ವರ್ಷ ನಮ್ಮ ಸಾವನ್ನು ಕುಡಿದು ಈಗ ನಮ್ಮ ಮೇಲೆ ಉಗುಳುತ್ತಿದ್ದಾಳೆ ಎಂದು ಮಾತು ಹಬ್ಬಿತು. ಅವಳ ಬಂಡೆಗೆ ಕಲ್ಲು ಬಿದ್ದವು. ಅವಳನ್ನು ಉಳಿಸಿಕೊಳ್ಳಲು ಕಾರಣ ಹುಡುಕುತ್ತ ಕೂತಾಗ ನನಗೆ ಹೊಳೆಯಿತು: ಅದೇ ಮಡು, ಅದೇ ನೀರು, ಆದರೆ ಅವಳ ಬಾಟಲಿ ದಿನಾ ಬರಿದಾಗುತ್ತದೆ, ಹಂಡೆ ಎಂದೂ ಬರಿದಾಗುವುದಿಲ್ಲ. ಕುದಿಸಿದರೆ ಸಾಯುವುದು ಜೀವವಿದ್ದದ್ದು ಮಾತ್ರ. ರಸಾಯನದ ವಿಷಕ್ಕೆ, ಲೋಹದ ವಿಷಕ್ಕೆ ಜೀವವೇ ಇಲ್ಲ, ಅದು ಸಾಯುವುದು ಹೇಗೆ? ಈ ಮಾತು ಒಂದೇ ಸಾಲು. ನಿಮ್ಮ ಧುರೀಣನ ಮೀಸೆಯಿದ್ದ ಜಾಗದಲ್ಲಿ ಹಿಡಿಸುತ್ತಿತ್ತು.

ನಾನು ಸಭೆ ಕರೆದು ಹಂಡೆ ಚೆಲ್ಲಿ ಎಂದೆ. ತಾಯಿನೀರು ಚೆಲ್ಲೆಂದವಳನ್ನು ಅವರು ಹೊಡೆಯಲಿಲ್ಲ ಎಂಬುದೇ ದೊಡ್ಡದು. ಗಾದಿಲಿಂಗ ಚುಕ್ಕಿಯೆದ್ದ ತನ್ನ ಅಂಗೈಯನ್ನು ನನ್ನ ಮುಂದೆ ಹಿಡಿದ.

“ಕುದಸ್ರಿ ಅಂದಾಕಿನೂ ನೀನ, ಚೆಲ್ರಿ ಅನ್ನಾಕಿನೂ ನೀನ. ಯಾವ ಕಸ್ತೂರಿ ಮಾತು ಕೇಳಬೇಕವ್ವಾ ನಾವು?”

ಸಾಬೀತು ಮಾಡುವೆ, ತಳದ ನೀರು ನಾನೇ ಕುಡಿಯುವೆ ಎಂದು ಹಂಡೆಯತ್ತ ನಡೆದೆ. ನನ್ನನ್ನು ಹಿಡಿದುಕೊಂಡರು. ಎರಡು ವರ್ಷ ಅದೇ ನೀರು ಕುಡಿದವಳು ಸತ್ತರೆ ಏನು ಸಾಬೀತಾದಂತಾಯಿತು ಎಂದು ಯಾರೋ ಕೇಳಿದರು. ಸರಿಯಾದ ಪ್ರಶ್ನೆ. ಆ ಹಂಡೆಯ ನೀರು ಒಮ್ಮೆಯೂ ಮುಟ್ಟದವರು ಬಿಡಾರದಲ್ಲಿ ಒಬ್ಬಳೇ ಇದ್ದಳು. ಅವಳು ಕರೆಯುವ ಮೊದಲೇ ಬಂಡೆಯಿಂದ ಇಳಿದು ಬರುತ್ತಿದ್ದಳು. ಇಷ್ಟು ವರ್ಷ ಹಂಡೆಯ ಹತ್ತಿರ ಸೇರಿಸದಿದ್ದ ಜನ ಅವಳಿಗೆ ದಾರಿ ಬಿಟ್ಟರು.

ನಾನು ಅವಳ ಕಾಲು ಹಿಡಿದೆ. ಅವಳು ನನ್ನ ತಲೆಯ ಮೇಲೆ ಕೈಯಿಟ್ಟು, ಎಂದಿನ ದನಿಯಲ್ಲೇ ಹೇಳಿದಳು.

“ನಿನ್ನ ಮಾತು ಖರೆ ಇದ್ರ ಇವ್ರು ಹಂಡೆ ಒಡೀತಾರ, ಹುಡುಗ್ರು ಉಳೀತಾವ. ಸುಳ್ಳಿದ್ರ ನಾ ಉಳೀತೀನಿ. ಹೆಂಗಾದ್ರೂ ಒಂದು ಲಾಭ ಐತಲ್ಲ. ಬಿಡು ಕಾಲ.”

ಗೇಣು ನೀರನ್ನು ಗಸಿಸಮೇತ ಕಲಕಿ ನಾಲ್ಕು ಬಟ್ಟಲು ಕುಡಿದಳು. ಬಿಡಾರಕ್ಕೆ ಬೆನ್ನು ಮಾಡಿ ಕೂರಲು ಹೊರಟವಳನ್ನು ಗಾದಿಲಿಂಗ ತಡೆದು, ನಮ್ಮ ಕಡೆ ಮುಖ ಮಾಡಿ ಕೂರು ಎಂದ. ಆದ್ದರಿಂದ ನಾವೆಲ್ಲ ನೋಡಿದೆವು. ಮಧ್ಯಾಹ್ನದ ಹೊತ್ತಿಗೆ ವಾಂತಿ ಶುರುವಾಯಿತು. ಎರಡನೆಯ ದಿನ ಕೈಕಾಲು ಸೆಟೆದವು. ನೀರು ಕೇಳಿದಳು, ಯಾವ ನೀರು ಕೊಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಹೋದಳು. ಗಾದಿಲಿಂಗ ಗುಂಡುಕಲ್ಲು ಎತ್ತಿ ಹಂಡೆಯ ಮೇಲೆ ಹಾಕಿದ. ಒಡೆದ ಚೂರಿನ ಒಳಬದಿಗೆ ಎರಡು ಬೆರಳು ದಪ್ಪ ಬೂದುಬಣ್ಣದ ಪದರ ಅಂಟಿತ್ತು.

ಮೊದಲಗುಟುಕು ನಿಲ್ಲಿಸಲು ಹೊರಟವಳು ನಾನು. ನನ್ನ ಸತ್ಯವನ್ನು ಜನ ನಂಬಲು ಒಂದು ಮೊದಲಗುಟುಕೇ ಬೇಕಾಯಿತು.

ಈಗ ನಾವು ಇಪ್ಪತ್ತೇಳು ಜನ. ಮಡುವಿನ ನೀರನ್ನು ಸಣ್ಣ ಮಡಕೆಯಲ್ಲಿ ಕಾಯಿಸಿ, ಮೇಲೆ ಬೋರಲು ಹಾಕಿದ ತಗಡಿಗೆ ತಾಗಿದ ಆವಿಯನ್ನು ತೊಟ್ಟುತೊಟ್ಟಾಗಿ ಇಳಿಸಿಕೊಂಡು ಕುಡಿಯುತ್ತೇವೆ. ತಳದಲ್ಲಿ ಉಳಿದದ್ದನ್ನು ದೂರ ಒಯ್ದು ಹೂಳುತ್ತೇವೆ. ತಲೆಗೆ ದಿನಕ್ಕೆ ಎರಡು ಬಟ್ಟಲು ಸಿಗುತ್ತದೆ. ಆವಿ ಹಿಡಿಯುವುದನ್ನು ಯಾವ ಕರಪತ್ರವೂ ಹೇಳಿಕೊಡಲಿಲ್ಲ.

ನಿಮ್ಮಲ್ಲಿ ಒಂದು ಬೇಡಿಕೆಯಿದೆ. ನಿಮ್ಮ ಊರ ಹಿಂದಿನ ಗುಂಡಿಗೆ ಈ ಹೊತ್ತು ಡ್ರಮ್ಮು ಇಳಿಸುತ್ತಿರುವವರು ಯಾರೆಂದು ನಿಮಗೆ ಗೊತ್ತು. ಅನುಮತಿಗೆ ಸಹಿ ಹಾಕಿದವರೂ ಗೊತ್ತು. ಇದರಿಂದ ಏನೂ ಆಗದು ಎಂದು ಅವರು ಹೇಳಿದಾಗ ವಾದಿಸಬೇಡಿ, ನಾನು ವಾದಿಸಿ ಸೋತವಳು. ಆ ಗುಂಡಿಯ ನೀರನ್ನು ಒಂದು ಬಟ್ಟಲಲ್ಲಿ ತಂದು ಅವರ ಮೇಜಿನ ಮೇಲಿಡಿ. ಕುಡಿಯಲಿ. ದಿನಾ ಕುಡಿಯಲಿ, ಹೆಂಡತಿ ಮಕ್ಕಳಿಗೂ ಕುಡಿಸಲಿ. ಒಂದು ದಿನ ಕಾದು ಎದ್ದುಬರಬೇಡಿ, ಒಂದು ದಿನದಲ್ಲಿ ಏನೂ ತಿಳಿಯುವುದಿಲ್ಲ. ಎರಡು ವರ್ಷ ಅವರ ಎದುರಿಗೆ ಕೂತು, ಅವರ ಅಂಗೈ ನೋಡುತ್ತ ಕಾಯಿರಿ.

ಇತಿ,
ಕಸ್ತೂರಿ