ಅಮ್ಮನ ಗೈರುಹಾಜರಿ

ಪ್ರೀತಿಯ ಅಮ್ಮ,

ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಸಂಸದರ ಮತದಾನದ ಲೆಕ್ಕ ಇಡುವ ನಮ್ಮ ವೆಬ್‌ಸೈಟಿನಲ್ಲಿ, ನೀರಿನ ಮಸೂದೆಯ ದಿನ ನಿನ್ನ ಹೆಸರಿನ ಮುಂದೆ ‘ಗೈರುಹಾಜರು’ ಎಂದು ಹಾಕಿದವಳು ನಾನೇ. ರಜೆಯಲ್ಲಿದ್ದರೂ ಬೇರೆಯವರಿಗೆ ಬಿಡಲಿಲ್ಲ. ಹಾಕುವ ಮೊದಲೇ ನಿನ್ನ ಪಕ್ಷದವರು ಫೋನ್ ಮಾಡಿ, “ಸ್ವಂತ ತಾಯಿ ಕಣಮ್ಮಾ, ಸ್ವಲ್ಪ ನೋಡ್ಕೋ” ಅಂದರು. ನೀನು ಮಾತ್ರ ಆ ವಿಷಯವನ್ನೇ ಎತ್ತದೆ, ಹೊತ್ತಿಗೆ ಸರಿಯಾಗಿ ಊಟ ಮಾಡು ಎಂದು ಬೈದು ಫೋನ್ ಇಟ್ಟೆ.

ಆ ಮಸೂದೆಗಾಗಿ ನೀನು ಎಷ್ಟು ಒದ್ದಾಡಿದ್ದೆ ಎಂದು ನನಗೆ ಗೊತ್ತು. ಆದರೂ ಮತ ಹಾಕುವ ಹೊತ್ತಿಗೆ ಹೆರಿಗೆ ವಾರ್ಡಿನಲ್ಲಿ ನನ್ನ ಕೈ ಹಿಡಿದು ಕೂತಿದ್ದೆ. ಡಾಕ್ಟರ್ ಏನು ಕೇಳಿದರೂ ಸದನದಲ್ಲಿ ಇದ್ದ ಹಾಗೆ ಎದ್ದು ನಿಂತು ಉತ್ತರ ಕೊಡುತ್ತಿದ್ದೆ. “ಕೂತ್ಕೊಂಡೇ ಹೇಳಿ ಅಮ್ಮ” ಎಂದು ನರ್ಸ್ ಅಂದಾಗ, ಆ ನೋವಿನಲ್ಲೂ ನನಗೆ ನಗು ತಡೆಯಲಾಗಲಿಲ್ಲ.

ಚುನಾವಣೆಯಲ್ಲಿ ಎದುರಾಳಿಗಳು ಇದನ್ನೇ ಹಿಡಿದು ಜಗ್ಗಾಡುತ್ತಾರೆ. ಆದರೂ ಅಳಿಸಲಾರೆ; ಹಾಗೆ ಬೆಳೆಸಿದವಳು ನೀನೇ. ಭಾನುವಾರ ಬಾ. ಬರುವಾಗ ಹಳೆಯ ಮೆತ್ತನೆಯ ಬಟ್ಟೆ ತಾ, ಎಷ್ಟಿದ್ದರೂ ಸಾಲುತ್ತಿಲ್ಲ.

ನಮ್ಮ ವೆಬ್‌ಸೈಟಿನಲ್ಲಿ ಗೈರಿಗೆ ಕಾರಣ ಬರೆಯಲು ಜಾಗವಿಲ್ಲ. ಆ ಕಾರಣ ಈಗ ನನ್ನ ಮಡಿಲಲ್ಲಿ ಮಲಗಿ, ಥೇಟ್ ನಿನ್ನ ಹಾಗೆಯೇ ಹುಬ್ಬು ಗಂಟಿಕ್ಕಿಕೊಂಡಿದೆ.

ನಿನ್ನ ಮಗಳು